ಅಡುಗೆಮನೆಯೊಳಕ್ಕೆ ಕರೆದವರು

ಜರ್ಮನಿಗೆ ಹೋಗಿ ಬಂದ ಮೇಲೆ ಹಾಸ್ಟೆಲಿನ ಗೆಳೆಯರು ನಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ. ಒಂದು, ಅಲ್ಲಿ ಏನು ತಿಂದ್ರಿ? ಎರಡು, ಎಷ್ಟು ಖರ್ಚಾಯ್ತು? ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀವಿ. ವಿಮಾನದ ಟಿಕೆಟ್ಟಿಗೆ ಸಾಲ ಮಾಡಿದ್ದೀವಿ, ಅದು ಇನ್ನೂ ತೀರಿಲ್ಲ. ಅಲ್ಲಿ ಇಳಿದ ಮೇಲೆ ಹದಿನೇಳು ದಿನ ಊಟಕ್ಕೂ ಮಲಗೋದಕ್ಕೂ ನಮ್ಮ ಜೇಬಿಂದ ಹೆಚ್ಚೇನೂ ಬಿಚ್ಚಲಿಲ್ಲ. ಜನ ಮನೆಗೆ ಕರೆದರು. ಮೊದಲನೇ ಪ್ರಶ್ನೆಗೆ ಉತ್ತರ ಕೊಡೋಕೆ ಹೋಗಿ ಇಷ್ಟುದ್ದ ಬರೆಯಬೇಕಾಗಿ ಬಂತು.

ನಾವು ಅಂದ್ರೆ ಇಬ್ಬರು. ಒಂದೇ ಹಾಸ್ಟೆಲಿನ ಒಂದೇ ರೂಮಿನಲ್ಲಿ ಮೂರು ವರ್ಷ ಕಳೆದು, ಬಿ.ಎ. ಮುಗಿಸಿ, ಕವಿತೆ ಬರೀತಾ ಅಲೀತಿರೋರು. ಅದೇ ರೂಮಿನ ಮೂರನೆಯವನು ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾನೆ. (ಅರ್ಜಿ ಹಾಕಬೇಕು ಅಂತಿರೋರು ಗಮನಿಸಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ಟ್ಯೂಬಿಂಗೆನ್ ಇರೋ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಲ್ಲಿ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳ ಮೇಲೆ ಸೆಮಿಸ್ಟರಿಗೆ 1500 ಯೂರೋ ಹಾಕಿದರು. ಲೆಕ್ಕ ಮೊದಲೇ ಹಾಕ್ಕೊಳ್ಳಿ.) ಅಂದ ಹಾಗೆ, 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಸಾಹೇಬರು ಕಣ್ಣು ಮುಚ್ಚಿದ್ದು ಈ ಟ್ಯೂಬಿಂಗೆನ್ನಿನಲ್ಲೇ, 1903ರಲ್ಲಿ. ಆ ಊರಿನ ಬೀದಿಯಲ್ಲಿ ನಾವು ಮೂವರು ಕನ್ನಡದಲ್ಲಿ ಜೋರಾಗಿ ಜಗಳ ಆಡಿಕೊಂಡು ನಡೆದೆವು. ಅದು ನಮ್ಮ ಕಡೆಯ ಶ್ರದ್ಧಾಂಜಲಿ.

ಗೆಳೆಯ ಇರೋದು ನಾಲ್ಕು ಜನ ಜರ್ಮನ್ ಹುಡುಗ ಹುಡುಗಿಯರ ಜೊತೆ ಒಂದು ಬಾಡಿಗೆ ಮನೆಯಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆಮನೆ ಮಾತ್ರ ಎಲ್ಲರದ್ದು. ಅವರಲ್ಲಿ ಒಬ್ಬಳು ಶ್ವೇಬಿಷ್ ಆಲ್ಬ್ ಅನ್ನೋ ಬೆಟ್ಟಸೀಮೆಯ ಹಳ್ಳಿಯವಳು. ‘ಇಂಡಿಯಾದಿಂದ ಕವಿಗಳು ಬಂದವ್ರೆ ಅಂದೆ, ನಮ್ಮಜ್ಜಿ ನೋಡ್ಬೇಕಂತೆ, ಒಂದು ವಾರ ಅಲ್ಲೇ ಇರಿ’ ಅಂದಳು. ಅಲ್ಲಿ ಅಜ್ಜಿಗೆ ಓಮಾ ಅಂತಾರೆ. ಎರಡನೇ ದಿನದಿಂದ ನಾವೂ ಹಾಗೇ ಕರೆದೆವು.

ಹೊರಡೋ ಮುಂಚೆ ನಮಗೆ ಬುದ್ಧಿ ಹೇಳಿದವರು ಬಹಳ ಜನ. ಜರ್ಮನರು ಒಣ ಜನ, ನಗೋಲ್ಲ, ಗಡಿಯಾರ ನೋಡ್ಕೊಂಡು ಉಸಿರಾಡ್ತಾರೆ, ಅತಿಥಿ ಸತ್ಕಾರ ಅಂದ್ರೆ ಅದು ನಮ್ಮ ದೇಶದ್ದೇ ಅಂದರು. ಅತಿಥಿಯನ್ನ ದೇವರು ಅಂತ ಕಾಣೋ ನಾಡು ನಮ್ಮದಂತೆ. ಆಗಲಿ. ಆದರೆ ನಮ್ಮವ್ವ ನಮ್ಮಪ್ಪ ಯಾವ ಮನೆಗೆ ಅತಿಥಿಗಳಾಗಿ ಹೋಗಿದ್ರು, ಯಾವ ಮನೆಯ ಯಾವ ಬಾಗಿಲ ತನಕ ಹೋಗಿದ್ರು ಅನ್ನೋದನ್ನ ಈ ಬುದ್ಧಿವಂತರು ಯಾವತ್ತೂ ಕೇಳಿಲ್ಲ. ಸತ್ಕಾರವನ್ನ ಅಳೆಯೋದು ಎಷ್ಟು ಬಗೆ ಬಡಿಸಿದರು ಅನ್ನೋದರಿಂದಲ್ಲ, ಮನೆಯೊಳಗೆ ಎಲ್ಲೀತನಕ ಬಿಟ್ಟರು ಅನ್ನೋದರಿಂದ. ನಡುಮನೆಯಲ್ಲಿ ಕೂರಿಸಿ ದೇವರು ಮಾಡೋದಕ್ಕಿಂತ ಅಡುಗೆಮನೆಗೆ ಕರೆದು ಕೈಗೆ ಚಾಕು ಕೊಡೋದು ದೊಡ್ಡದು. ನಮ್ಮ ವಾದ ಇಷ್ಟೇ. ಮುಂದಿನದು ಅದರ ಸಾಕ್ಷಿ.

ಓಮಾನ ಮನೆ ಮುಂದೆ ಬಸ್ಸಿಳಿದಾಗ ಸಂಜೆ ಆರಕ್ಕೆ ಐದು ನಿಮಿಷ ಬಾಕಿ. ಆರಕ್ಕೆ ಬರ್ತೀವಿ ಅಂದಿದ್ದೆವು. ನಮ್ಮ ಗೆಳೆಯ ಆ ಐದು ನಿಮಿಷ ನಮ್ಮನ್ನ ಚಳಿಯಲ್ಲಿ ರಸ್ತೆ ಬದಿ ನಿಲ್ಲಿಸಿದ. ಹೇಳಿದ ಹೊತ್ತಿಗಿಂತ ಮುಂಚೆ ಹೋಗೋದೂ ಅಲ್ಲಿ ಅಷ್ಟು ಒಳ್ಳೇದಲ್ಲವಂತೆ. ಬಾಗಿಲು ತೆರೆದ ಕೂಡಲೇ ಮೊದಲ ಮಾತು, ಬೂಟು ಬಿಚ್ಚಿ. ಚಪ್ಪಲಿ ಹೊರಗೆ ಬಿಡೋದು ನಮ್ಮ ಸಂಸ್ಕೃತಿ ಮಾತ್ರ ಅಂತ ತಿಳಿದಿರೋರಿಗೆ ಇದನ್ನ ಹೇಳ್ಬೇಕು. ಬಿಚ್ಚಿದ ಮೇಲೆ ಬರಿಗಾಲಲ್ಲಿ ಬಿಡೋಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ಬಂದವರಿಗೆ ಅಂತಲೇ ಮನೆಯೊಳಗೆ ಹಾಕ್ಕೊಳ್ಳೋ ಮೆತ್ತನೆ ಚಪ್ಪಲಿ ಇಟ್ಟಿರ್ತಾರೆ. ನಮ್ಮಲ್ಲೊಬ್ಬನ ಪಾದ ದೊಡ್ಡದು, ಯಾವುದೂ ಹಿಡಿಸಲಿಲ್ಲ. ಓಮಾ ಒಳಗೆ ಹೋಗಿ ತೀರಿಹೋದ ತನ್ನ ಗಂಡನ ಉಣ್ಣೆಯ ಚಪ್ಪಲಿ ತಂದು ಅವನ ಕಾಲ ಮುಂದೆ ಇಟ್ಟಳು. ಬಗ್ಗಿ ಇಟ್ಟಳು.

ನಮ್ಮ ತಾತಂದಿರು ಊರೊಳಗಿನ ಗೌಡರ ಬೀದಿ ದಾಟುವಾಗ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಅವುಚಿಕೊಂಡು ನಡೀತಿದ್ರು. ಆ ಚಪ್ಪಲಿ ಹೊಲಿದದ್ದೂ ಅವರೇ. ಇದನ್ನ ಓಮಾಗೆ ಆವತ್ತು ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ.

ಇನ್ನು ಊಟ. ಮೊದಲ ರಾತ್ರಿ ನಾವು ಮೋಸ ಹೋದೆವು. ಮೇಜಿನ ಮೇಲೆ ಎಲ್ಲರ ಮುಂದೆ ತಟ್ಟೆ ಇಲ್ಲ, ಒಂದೊಂದು ಮರದ ಹಲಗೆ. ನಡುವೆ ಇಟ್ಟಿಗೆಯಷ್ಟು ಗಟ್ಟಿ ಬ್ರೆಡ್ಡು, ಬೆಣ್ಣೆ, ನಾಲ್ಕು ತರದ ಸಾಸೇಜು, ಗಿಣ್ಣಿನಂಥ ಚೀಸು, ವಿನೆಗರಿನಲ್ಲಿ ನೆನೆಸಿದ ಸೌತೆ ಮಿಡಿ, ಮೂಲಂಗಿ. ಒಲೆ ಮೇಲೆ ಏನೂ ಇಲ್ಲ. ಇದು ಊಟಕ್ಕೆ ಮುಂಚಿನ ತಿಂಡಿ, ಬಿಸಿ ಊಟ ಆಮೇಲೆ ಬರುತ್ತೆ ಅಂದುಕೊಂಡು ಎರಡೆರಡು ಚೂರು ತಿಂದು ಹೊಟ್ಟೆ ಖಾಲಿ ಇಟ್ಕೊಂಡು ಕೂತೆವು. ಎಂಟೂವರೆಗೆ ಎಲ್ಲರೂ ಎದ್ದು ಶುಭರಾತ್ರಿ ಅಂದರು! ಅದೇ ರಾತ್ರಿ ಊಟವಂತೆ. ಉಳಿದ ಕಡೆ ಅದಕ್ಕೆ ಆಬೆಂಟ್‌ಬ್ರೋಟ್, ಸಂಜೆಯ ರೊಟ್ಟಿ ಅಂತಾರೆ. ಈ ಸೀಮೆಯಲ್ಲಿ ಫೆಸ್ಪರ್ ಅಂತಾರೆ. ರಾತ್ರಿ ಊರಿಂದ ತಂದಿದ್ದ ಚಕ್ಕುಲಿ ಕದ್ದು ಕಡಿದೆವು. ಸದ್ದಿಗೆ ಪಕ್ಕದ ಕೋಣೆಯಿಂದ ಗೆಳತಿ ಎದ್ದು ಬಂದಳು. ಬೆಳಿಗ್ಗೆ ಓಮಾಗೆ ಸುದ್ದಿ ಹೋಯ್ತು. ಆಯಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನಗೋಲ್ಲ ಅಂದಿದ್ದರಲ್ಲ!

ಆ ಗಟ್ಟಿ ಬ್ರೆಡ್ಡನ್ನ ಬೈಯೋಕೆ ಹೋಗಬೇಡಿ. ಹುಳಿ ಬರಿಸಿದ ರೈ ಹಿಟ್ಟಿನದು. ಮೂರನೇ ದಿನಕ್ಕೆ ನಾಲಿಗೆ ಒಗ್ಗಿತು, ಏಳನೇ ದಿನಕ್ಕೆ ನಮ್ಮ ಬೇಕರಿಯ ಹತ್ತಿಯಂಥ ಬ್ರೆಡ್ಡು ನೆನೆಸಿಕೊಂಡು ನಗು ಬಂತು. ಬ್ರೆಡ್ಡಿನ ವಿಷಯದಲ್ಲಿ ಅವರಿಗೆ ಭಾರೀ ಅಭಿಮಾನ. 2014ರಲ್ಲಿ ಅದನ್ನ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿದ್ದಾರೆ. ನಮ್ಮ ಮುದ್ದೆಯನ್ನ ಯಾವ ಪಟ್ಟಿಗೆ ಸೇರಿಸಿದ್ದಾರೆ ಅಂತ ಆವಾಗ ಯೋಚನೆ ಬಂತು. ಸಕ್ಕರೆ ಕಾಯಿಲೆಯವರ ಪಥ್ಯದ ಪಟ್ಟಿಗೆ ಅಂತ ಗೆಳೆಯ ಹೇಳಿದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಓಮಾ ನಮ್ಮನ್ನ ಅಡುಗೆಮನೆಗೆ ಕರೆದಳು. ನೋಡೋಕೆ ಅಲ್ಲ, ಕೆಲಸಕ್ಕೆ. ಇಬ್ಬರಿಗೂ ಏಪ್ರನ್ ಕಟ್ಟಿದಳು. ಒಬ್ಬನ ಕೈಗೆ ಪುಟ್ಟ ಚಾಕು, ಇನ್ನೊಬ್ಬನ ಕೈಗೆ ಮೂರು ಹಲ್ಲಿನ ಸಣ್ಣ ಫೋರ್ಕು. ಆ ಫೋರ್ಕಿರೋದೇ ಬಿಸಿ ಆಲೂಗಡ್ಡೆ ಚುಚ್ಚಿ ಹಿಡಿಯೋಕೆ. ಆಲೂಗಡ್ಡೆಯನ್ನ ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇರುವಾಗಲೇ ಸುಲಿದು, ತೆಳ್ಳಗೆ ಹೆಚ್ಚಿ, ಅದರ ಮೇಲೆ ಕುದಿಯೋ ಮಾಂಸದ ಎಸರು, ವಿನೆಗರ್, ಎಣ್ಣೆ, ಸಾಸಿವೆ, ಈರುಳ್ಳಿ ಹಾಕಿ ಕಲಸಬೇಕು. ಉತ್ತರದವರು ಇದಕ್ಕೆ ಮೊಟ್ಟೆಯ ಮೇಯನೇಸ್ ಹಾಕ್ತಾರಂತೆ. ಆ ಮಾತು ಬಂದಾಗ ಓಮಾ ಮುಖ ನೋಡಬೇಕಿತ್ತು. ಮೈಸೂರು ಕಡೆಯವರ ಮುಂದೆ ಸಾರಿಗೆ ಸಕ್ಕರೆ ಹಾಕ್ತಾರೆ ಅಂದ ಹಾಗೆ.

ಆಮೇಲೆ ಶ್ಪೆಟ್ಸ್‌ಲೆ. ಮೈದಾ, ಮೊಟ್ಟೆ, ಉಪ್ಪು, ನೀರು ಹಾಕಿ ಕೈ ಸೋಲೋವರೆಗೂ ಬಡಿದು ಎಳೆ ಬರೋ ಹಾಗೆ ಕಲಸೋದು. ಒದ್ದೆ ಹಲಗೆ ಮೇಲೆ ಸವರಿ, ಅಗಲ ಚಾಕುವಿನಲ್ಲಿ ಸಣ್ಣಗೆ ಕೆರೆದು ಕೆರೆದು ಕುದಿಯೋ ಉಪ್ಪುನೀರಿಗೆ ಬೀಳಿಸೋದು. ಬೆಂದು ತೇಲಿದ ಮೇಲೆ ಬಾಚಿ ತೆಗೆಯೋದು. ಓಮಾ ಕೆರೆದದ್ದು ಶಾವಿಗೆ ತರ ಬಿತ್ತು. ನಾವು ಕೆರೆದದ್ದು ಹುಡುಗರು ಆಡೋ ಗೋಲಿ ಆಯ್ತು. ಅದನ್ನ ಬೇರೆ ಇಡಲಿಲ್ಲ, ಒಂದೇ ಪಾತ್ರೆಗೆ ಹಾಕಿದಳು. ಮಧ್ಯಾಹ್ನ ಮಗ, ಸೊಸೆ, ಮೊಮ್ಮಕ್ಕಳು, ಮೊಮ್ಮಗನ ಗೆಳತಿ ಎಲ್ಲ ಸೇರಿ ಹನ್ನೊಂದು ಜನ ನಮ್ಮ ಗೋಲಿಗಳನ್ನ ತಿಂದರು.

ನಮ್ಮಲ್ಲೊಬ್ಬನ ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ ವಾರ ಅರ್ಧ ಮಕ್ಕಳು ಮನೆಯಿಂದ ಬುತ್ತಿ ತಂದವು. ಮುಂದಿನ ವಾರ ಮುಕ್ಕಾಲು ಮಕ್ಕಳು. ಮೂರನೇ ವಾರ ಅವ್ವನಿಗೆ ಪಾತ್ರೆ ತೊಳೆಯೋ ಕೆಲಸ ಕೊಟ್ಟರು. ತೊಳೆದ ಪಾತ್ರೆಗೆ ಮೈಲಿಗೆ ಇಲ್ಲ, ಕೈ ಹಾಕಿ ಕಲಸಿದ ಹಿಟ್ಟಿಗೆ ಇದೆ. ಅವ್ವ ಮಾಡಿದ ಸಾರಿನ ರುಚಿ ಏನು ಅಂತ ಆ ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ. ಆ ಅವ್ವನ ಮಗನ ಕೈ ಮೊಣಕೈವರೆಗೂ ಓಮಾನ ಹಿಟ್ಟಿನಲ್ಲಿತ್ತು. ಮೇಜಿನಲ್ಲಿ ಯಾರಿಗೂ ಅದು ವಿಷಯವೇ ಅಲ್ಲ. ಉಪ್ಪು ಕಮ್ಮಿ ಆಗಿದೆ ಅಂತ ಒಬ್ಬ ಅಂದ, ಅಷ್ಟೇ.

ಆ ಶ್ಪೆಟ್ಸ್‌ಲೆಗೆ ಜೊತೆ ಹುಳಿ ಹಾಕಿದ ಅವರೆಬೇಳೆ ಜಾತಿಯ ಒಂದು ಸಣ್ಣ ಕಾಳಿನ ಗೊಜ್ಜು ಮತ್ತು ತೆಳ್ಳನೆ ಸಾಸೇಜು. ನಾವು ಮಸೂರ್ ಅಂತೀವಲ್ಲ, ಅದರ ಅಣ್ಣತಮ್ಮಂದಿರ ಕಾಳು. ಇದರ ಕತೆ ಕೇಳಿ. ಆಲ್ಬ್ ಸೀಮೆ ಸುಣ್ಣಕಲ್ಲಿನ ನೆಲ, ಮಣ್ಣು ತೆಳು, ಬೇರೆ ಬೆಳೆ ಕಷ್ಟ. ಬಡವರಿಗೆ ಈ ಕಾಳೇ ಗತಿ. ಕೆಲಸ ಜಾಸ್ತಿ, ಫಸಲು ಕಮ್ಮಿ ಅಂತ 1950-60ರ ಸುಮಾರಿಗೆ ಬೆಳೆಯೋದನ್ನೇ ಬಿಟ್ಟರು, ಬೀಜವೂ ಹೋಯ್ತು. 1985ರಲ್ಲಿ ಲೌಟರಾಖ್ ಅನ್ನೋ ಊರಿನ ಒಬ್ಬ ರೈತ ಬೇರೆ ತಳಿ ತಂದು ಮತ್ತೆ ಬಿತ್ತಿದ. 2006ರಲ್ಲಿ ಆ ಹಳೇ ನಾಟಿ ಬೀಜ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜ ಸಂಗ್ರಹದಲ್ಲಿ ಸಿಕ್ಕಿತು. ಬೆರಳೆಣಿಕೆ ಬೀಜದಿಂದ ಮತ್ತೆ ಹೊಲ ತುಂಬಿಸಿದರು. ಈ ಬಳ್ಳಿ ತಾನಾಗಿ ನಿಲ್ಲೋಲ್ಲ, ಆಸರೆ ಬೇಕು. ಅದಕ್ಕೆ ಬಾರ್ಲಿಯೋ ಓಟ್ಸೋ ಜೊತೆಗೆ ಬಿತ್ತುತ್ತಾರೆ. ಕೇಳಿದ ಕೂಡಲೇ ನಾವಿಬ್ಬರೂ ಒಟ್ಟಿಗೆ ‘ಅಕ್ಕಡಿ ಸಾಲು!’ ಅಂತ ಕೂಗಿದೆವು. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಬಿಡೋದನ್ನ ಓಮಾನ ಮಗನಿಗೆ ಕಾಗದದ ಮೇಲೆ ಗೀಚಿ ತೋರಿಸಿದೆವು. ಆ ಕಾಗದ ಅವರ ಫ್ರಿಜ್ಜಿನ ಮೇಲೆ ಅಂಟಿಸಿದ್ದಾರೆ.

ಈಗ ಊಟ ಮುಗಿದ ಮೇಲಿನ ಮಾತು. ಈ ಲೇಖನ ಬರೆಯೋಕೆ ಕಾರಣವೇ ಅದು.

ಓಮಾನ ಮಗ ನಮ್ಮ ಕಡೆ ತಿರುಗಿ, ‘ನಿಮ್ಮ ತಟ್ಟೆ ಒಳಗೆ ತಗೊಂಡು ಬನ್ನಿ’ ಅಂದ. ನಾವು ಎದ್ದೇಳಲಿಲ್ಲ. ಮೈ ಬಿಸಿಯಾಯ್ತು. ಊರಿನಲ್ಲಿ ಮೇಲಿನ ಜಾತಿಯವರ ಮದುವೆಗೆ ಹೋದರೆ ಎಲ್ಲರೂ ಉಂಡ ಮೇಲೆ ಕೊನೇ ಪಂಕ್ತಿ ನಮ್ಮದು, ಅದೂ ಚಪ್ಪರದ ಹೊರಗೆ. ಉಂಡ ಎಲೆ ನಾವೇ ಎತ್ತಬೇಕು, ಉಂಡ ಜಾಗ ಸಾರಿಸಬೇಕು. ಹೋಟ್ಲಿನಲ್ಲಿ ಟೀ ಕುಡಿದರೆ ಲೋಟ ನಾವೇ ತೊಳೆದು ಗೋಡೆಯ ಗೂಡಿನಲ್ಲಿ ಇಡಬೇಕು. ಏಳು ಸಾವಿರ ಕಿಲೋಮೀಟರು ಹಾರಿ ಬಂದರೂ ಎಲೆ ಎತ್ತೋದು ತಪ್ಪಲಿಲ್ಲವಾ ಅನ್ನಿಸಿಬಿಡ್ತು. ಒಂದು ಗಳಿಗೆ ಅಷ್ಟೇ. ಅಷ್ಟರಲ್ಲಿ ಆತ ತನ್ನ ತಟ್ಟೆ ಎತ್ತಿಕೊಂಡ, ಹೆಂಡತಿ ತನ್ನದನ್ನ ಎತ್ತಿಕೊಂಡಳು, ಎಂಬತ್ತು ದಾಟಿದ ಓಮಾ ತನ್ನದನ್ನ ಎತ್ತಿಕೊಂಡಳು. ಒಳಗೆ ಒಬ್ಬ ತೊಳೆದ, ಒಬ್ಬ ಒರೆಸಿದ, ನಾವು ಕಪಾಟಿನಲ್ಲಿ ಜೋಡಿಸಿದೆವು. ಯಾವ ತಟ್ಟೆ ಯಾರದ್ದು ಅಂತ ಗುರುತು ಹಿಡಿಯೋಕೆ ಆಗಲಿಲ್ಲ.

ಕೆಲಸ ಅದೇ. ತಟ್ಟೆ ಎತ್ತೋದು. ನಮಗೊಬ್ಬರಿಗೇ ಹೇಳಿದರೆ ಅದು ಜಾತಿ, ಎಲ್ಲರೂ ಎತ್ತಿದರೆ ಅದು ಮನೆ. ಇಷ್ಟು ಸಣ್ಣ ವ್ಯತ್ಯಾಸ ತಿಳಿಯೋಕೆ ಅಷ್ಟು ದೂರ ಹೋಗಬೇಕಾಯ್ತಲ್ಲ ಅಂತ ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಮಂಗಳವಾರ ಓಮಾ ಕೇಳಿದಳು, ‘ಕುಟ್ಟೆಲ್ನ್ ತಿಂತೀರಾ? ಈ ಹುಡುಗರು ಮೂಗು ಮುಚ್ಚಿಕೊಳ್ತಾರೆ.’ ಏನದು ಅಂತ ಪಾತ್ರೆಯಲ್ಲಿ ಇಣುಕಿದರೆ, ಅಯ್ಯೋ, ಬೋಟಿ! ನಮ್ಮ ಬೋಟಿ! ದನದ ಹೊಟ್ಟೆಯ ಆ ಟವೆಲಿನಂಥ ಭಾಗವನ್ನ ಸಣ್ಣಗೆ ಕತ್ತರಿಸಿ, ಹುರಿದ ಹಿಟ್ಟಿನ ಕಂದು ಗೊಜ್ಜಿನಲ್ಲಿ ವಿನೆಗರ್, ವೈನು, ಬಿರಿಯಾನಿ ಎಲೆ ಹಾಕಿ ಬೇಯಿಸಿದ್ದು. ಹುಳಿ ಬೋಟಿ ಅನ್ನಿ. ಪಕ್ಕದಲ್ಲಿ ಹುರಿದ ಆಲೂಗಡ್ಡೆ. ಮುಂಚೆ ಬಡವರ ಊಟವಾಗಿತ್ತಂತೆ, ಈಗ ಕೆಲವು ಹೋಟೆಲುಗಳಲ್ಲಿ ಹಳ್ಳಿ ರುಚಿ ಅಂತ ಹಲಗೆ ಮೇಲೆ ಬರೆದು ಮಾರ್ತಾರೆ. ನಮಗೆ ಖಾರ ಸಾಲದು ಅನ್ನಿಸಿತು, ಅದು ಬಿಟ್ಟರೆ ಕೇರಿಯ ಭಾನುವಾರವೇ. ಇಬ್ಬರೂ ಮೂರು ಸಾರಿ ಹಾಕಿಸಿಕೊಂಡೆವು. ಹಾಸ್ಟೆಲಿನಲ್ಲಿದ್ದಾಗ ಊರಿಂದ ಬಂದ ಬೋಟಿ ಗೊಜ್ಜಿನ ಡಬ್ಬಿಯನ್ನ ಮಂಚದ ಕೆಳಗೆ ಅಡಗಿಸಿ, ಕಾಲೇಜಿನ ಬೇರೆ ಗೆಳೆಯರು ಬಂದಾಗ ಊದುಬತ್ತಿ ಹಚ್ಚಿದ್ದೆವು. ಆ ನಾಚಿಕೆಯನ್ನ ನಮಗೆ ಕಲಿಸಿದ್ದು ಯಾರು? ಇಲ್ಲಿ ಅದೇ ಪಾತ್ರೆ ಮೇಜಿನ ಮಧ್ಯೆ.

ಆ ಸೀಮೆಯಲ್ಲಿ ಹಂದಿ ಕಡಿದ ದಿನ ಸಾಸೇಜು ಬೇಯಿಸಿದ ಎಸರನ್ನ ಕೊಡದಲ್ಲಿ ತುಂಬಿ ಅಕ್ಕಪಕ್ಕದವರಿಗೆ ಹಂಚೋದು ಹಳೇ ರೂಢಿ, ಮೆಟ್ಸೆಲ್‌ಸುಪ್ಪೆ ಅಂತ. ನಮ್ಮ ಗುಡ್ಡೆ ಬಾಡಿಗೆ ಹತ್ತಿರದ ನೆಂಟ. 1787ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಹುಟ್ಟಿದ ಲುಡ್ವಿಗ್ ಉಲಾಂಡ್ ಅಂತ ದೊಡ್ಡ ಕವಿ ಆ ಎಸರಿನ ಮೇಲೆ ಒಂದು ಹಾಡನ್ನೇ ಬರೆದಿದ್ದಾನೆ. ಗುಡ್ಡೆ ಬಾಡಿನ ಮೇಲೆ ಎಷ್ಟು ಕನ್ನಡ ಪದ್ಯ ಪಠ್ಯಪುಸ್ತಕದಲ್ಲಿವೆ, ಹುಡುಕಿ ಹೇಳಿ. ನಾವಂತೂ ಒಂದು ಶುರು ಮಾಡಿದ್ದೀವಿ.

ದೇವರ ವಿಷಯಕ್ಕೂ ಬರೋಣ. ಮೌಲ್‌ಟಾಶೆನ್ ಅಂತ ಒಂದು ತಿಂಡಿ. ಹಿಟ್ಟಿನ ಹಾಳೆಯೊಳಗೆ ಮಾಂಸದ ಖೀಮಾ, ಪಾಲಕ್, ಈರುಳ್ಳಿ ತುಂಬಿ ಮಡಿಸಿ ಬೇಯಿಸೋದು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ಬಿಡಲಾರದ ಮೌಲ್‌ಬ್ರೋನ್ ಮಠದ ಸನ್ಯಾಸಿಗಳು, ಮೇಲಿರೋ ದೇವರಿಗೆ ಕಾಣದಿರಲಿ ಅಂತ ಮಾಂಸವನ್ನ ಸೊಪ್ಪಿನಲ್ಲಿ ಬೆರೆಸಿ ಹಿಟ್ಟಿನಲ್ಲಿ ಮುಚ್ಚಿದರು ಅಂತ ಕತೆ ಕಟ್ಟಿದ್ದಾರೆ. ಅಡ್ಡಹೆಸರೇ ದೇವರಿಗೆ ಟೋಪಿ ಹಾಕೋ ತಿಂಡಿ ಅಂತ. ಅದನ್ನ ಓಮಾ, ಭಾನುವಾರ ತಪ್ಪದೆ ಚರ್ಚಿಗೆ ಹೋಗೋ ಓಮಾ, ನಗ್ತಾ ಹೇಳಿದಳು. ದೇವರ ಹೆಸರಲ್ಲಿ ಇನ್ನೊಬ್ಬರ ಪಾತ್ರೆ ಮುಚ್ಚಳ ತೆಗೆಯೋರಿಗಿಂತ ಇದು ಎಷ್ಟೋ ವಾಸಿ.

ಪಾತ್ರೆಯ ಮುಚ್ಚಳ ತೆಗೆಯೋ ಕೆಲಸ ಅವರ ದೇಶವೂ ಮಾಡಿದೆ, ಅದನ್ನ ಮುಚ್ಚಿಡೋಕೆ ಆಗೋಲ್ಲ. 1933ರಲ್ಲಿ ಹಿಟ್ಲರನ ಸರ್ಕಾರ ಚಳಿಗಾಲದ ತಿಂಗಳುಗಳಲ್ಲಿ ಒಂದೊಂದು ಭಾನುವಾರ ಎಲ್ಲರೂ ಐನ್‌ಟೋಪ್ಫ್, ಅಂದ್ರೆ ಒಂದೇ ಪಾತ್ರೆಯ ಅಗ್ಗದ ಅಡುಗೆ ಉಣ್ಣಬೇಕು, ಉಳಿದ ದುಡ್ಡು ಚಳಿಗಾಲದ ನಿಧಿಗೆ ಕೊಡಬೇಕು ಅಂತ ಹೊರಡಿಸಿತು. ವಸೂಲಿಗೆ ಪಕ್ಷದವರು ಬಾಗಿಲಿಗೇ ಬರ್ತಿದ್ರು. ಕೊಡದವರ ಮೇಲೆ ಕಣ್ಣು. ಓಮಾ ಹುಟ್ಟೋಕೆ ಮುಂಚಿನ ಮಾತು, ಅವಳ ತಾಯಿ ಹೇಳಿದ್ದು. ಒಂದೇ ಪಾತ್ರೆ ಅನ್ನೋ ಒಳ್ಳೇ ಮಾತು ಯಾರ ಬಾಯಿಂದ ಬಂತು ನೋಡಿ! ಆ ಪಾತ್ರೆಯ ಸುತ್ತ ಯಾರು ಕೂರಬೇಕು ಯಾರು ಕೂರಬಾರದು ಅಂತ ಅವರೇ 1935ರ ಕಾನೂನಿನಲ್ಲಿ ರಕ್ತ ಅಳೆದು ಬರೆದರು. ಟ್ಯೂಬಿಂಗೆನ್ನಿನಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರವನ್ನ 1938ರ ನವೆಂಬರಿನಲ್ಲಿ ಸುಟ್ಟರು. ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡದಿಂದಲೇ ಹೋದ ಸಿಂತಿ, ರೋಮಾ ಜನರನ್ನೂ ಹುಡುಕಿ ಕೊಂದರು. ಅದು ನರಮೇಧ ಅಂತ ಜರ್ಮನ್ ಸರ್ಕಾರ ಒಪ್ಪಿಕೊಂಡಿದ್ದು 1982ರಲ್ಲಿ.

ಈಗ ಅಲ್ಲಿನ ಊರುಗಳ ಬೀದಿಯ ಕಲ್ಲುಹಾಸಿನಲ್ಲಿ ಹತ್ತು ಸೆಂಟಿಮೀಟರು ಅಗಲದ ಹಿತ್ತಾಳೆ ತಲೆಯ ಕಲ್ಲು ಹೂತಿದ್ದಾರೆ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1992ರಲ್ಲಿ ಶುರು ಮಾಡಿದ್ದು, 2023ರ ಹೊತ್ತಿಗೆ ಯೂರೋಪಿನಲ್ಲಿ ಒಂದು ಲಕ್ಷ ದಾಟಿತು. ಇಲ್ಲಿ ಇಂಥವರು ವಾಸವಿದ್ದರು ಅಂತ ಹೆಸರು, ಹುಟ್ಟಿದ ವರ್ಷ, ಎಳೆದೊಯ್ದ ವರ್ಷ, ಸತ್ತ ಜಾಗ. ಊಟಕ್ಕೆ ಕರೆದ ಮನೆಗೆ ಹೋಗುವಾಗ ಬಾಗಿಲ ಮುಂದೆ ಅದನ್ನ ದಾಟಿ ಹೋಗಬೇಕು. ಬಗ್ಗಿದರೆ ಮಾತ್ರ ಓದೋಕೆ ಆಗುತ್ತೆ. ನಮ್ಮೂರಿನ ಯಾವ ಬಾಗಿಲ ಮುಂದೆ ಯಾವ ಹೆಸರು ಹೂಳಬೇಕು ಅಂತ ಲೆಕ್ಕ ಹಾಕ್ತಾ ಹೋದರೆ ರಸ್ತೆ ಸಾಲೋಲ್ಲ.

ಅದೇ ನಾಡಿನಲ್ಲಿ ಇನ್ನೊಂದು ಊಟ ನಡೀತು. ಹೇಳದೆ ಬಿಟ್ಟರೆ ಸುಳ್ಳಾಗುತ್ತೆ. ನವರಾತ್ರಿ ಸಮಯ. ಪಕ್ಕದ ಊರಿನಲ್ಲಿ ಓದೋ, ಕೆಲಸ ಮಾಡೋ ನಮ್ಮ ದೇಶದ ಹುಡುಗರ ಮನೆಗೆ ಊಟಕ್ಕೆ ಕರೆದಿದ್ದರು. ಓ, ಕನ್ನಡದವರು ಅಂತ ಪ್ರೀತಿಯಿಂದಲೇ ಕರೆದರು. ಬಾಗಿಲಲ್ಲಿ ಹೆಸರು ಕೇಳಿದರು. ಆಮೇಲೆ ಪೂರ್ತಿ ಹೆಸರು. ಆಮೇಲೆ ಅಪ್ಪನ ಹೆಸರು. ಆಮೇಲೆ, ‘ಊರಲ್ಲಿ ಯಾವ ಬೀದಿ?’ ಗೆಳತಿಯೂ ನಾವು ಬರೋ ಮುಂಚೆ ಫೋನಿನಲ್ಲಿ ಏನು ತಿಂತೀರಿ ಏನು ಬಿಡ್ತೀರಿ ಅಂತ ಕೇಳಿದ್ದಳು. ಆ ಮನೆಯಲ್ಲಿ ಎಲ್ಲರಿಗೂ ಕೇಳೋ ಮಾತು ಅದು, ಒಬ್ಬ ಮೊಮ್ಮಗ ಹಾಲೂ ಮುಟ್ಟೋಲ್ಲ, ಅವನಿಗೆ ಬೇರೆ ಮಾಡಿಟ್ಟಿದ್ದರು. ಇಲ್ಲೂ ಅದೇ ಪ್ರಶ್ನೆ, ‘ನೀವು ವೆಜ್ಜಾ?’ ಪ್ರಶ್ನೆ ಒಂದೇ, ಕೇಳಿದ್ದು ಬೇರೆ.

ಅವರೆಲ್ಲ ಸ್ಟೀಲ್ ತಟ್ಟೆಯಲ್ಲಿ ಉಂಡರು. ನಮ್ಮ ಮೂವರಿಗೆ ಕಾಗದದ ತಟ್ಟೆ. ತಟ್ಟೆ ಸಾಲದೇ ಹೋಯ್ತು ಸಾರಿ ಅಂದರು. ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದ್ದು ನಮಗೆ ಕಾಣ್ತಿತ್ತು. ನೀರು ತಗೊಳ್ಳೋಕೆ ಅಡುಗೆಮನೆ ಕಡೆ ಹೆಜ್ಜೆ ಇಟ್ಟರೆ ಒಬ್ಬ ಓಡಿ ಬಂದು ಬಾಗಿಲಲ್ಲಿ ಕೈ ಅಡ್ಡ ಹಿಡಿದ. ‘ಛೆ ಛೆ, ನೀವು ಅತಿಥಿಗಳು, ನೀವು ಕೂತ್ಕೊಳ್ಳಿ!’ ಅಂದ. ದೇವರನ್ನಾಗಿ ಮಾಡೋದರ ಉಪಯೋಗ ಏನು ಅಂತ ನಮಗೆ ಅರ್ಥ ಆಗಿದ್ದು ಆ ಬಾಗಿಲಲ್ಲಿ. ಪುಳಿಯೋಗರೆ ಮಾತ್ರ ಬಲು ಚೆನ್ನಾಗಿತ್ತು, ಸುಳ್ಳು ಹೇಳೋಲ್ಲ. ಎರಡು ಸಾರಿ ಹಾಕಿಸಿಕೊಂಡೆವು. ಉಂಡ ಕಾಗದದ ತಟ್ಟೆ ನಾವೇ ಎತ್ತಿ ಬುಟ್ಟಿಗೆ ಹಾಕಿದೆವು. ಉಳಿದವರ ತಟ್ಟೆ ಮೇಜಿನ ಮೇಲೇ ಇತ್ತು.

ಟ್ಯೂಬಿಂಗೆನ್ನಿನಲ್ಲಿ ನೆಕಾರ್ ಹೊಳೆ ದಂಡೆಯ ಮೇಲೆ ಒಂದು ಹಳದಿ ಗೋಪುರದ ಮನೆ ಇದೆ. ಕವಿ ಹೋಲ್ಡರ್ಲಿನ್‌ಗೆ ಬುದ್ಧಿ ಕೆಟ್ಟಿತು, ಆಸ್ಪತ್ರೆಯವರು ಇನ್ನು ಮೂರು ವರ್ಷ ಬದುಕಿದರೆ ಹೆಚ್ಚು ಅಂತ ಕೈಬಿಟ್ಟರು. 1807ರಲ್ಲಿ ಆ ಮನೆಯ ಬಡಗಿ ಎರ್ನ್‌ಸ್ಟ್ ತ್ಸಿಮ್ಮರ್ ಅವನನ್ನ ಕರೆದುಕೊಂಡು ಬಂದ. ಕವಿಯ ಕಾದಂಬರಿ ಓದಿ ಮೆಚ್ಚಿದ್ದನಂತೆ. ಬಡಗಿ! ಕವಿ ಬದುಕಿದ್ದು ಮೂರು ವರ್ಷ ಅಲ್ಲ, ಮೂವತ್ತಾರು ವರ್ಷ, ಅದೇ ಮನೆಯಲ್ಲಿ. 1838ರಲ್ಲಿ ಬಡಗಿ ಸತ್ತ ಮೇಲೆ ಮಗಳು ಲೊಟ್ಟೆ ನೋಡಿಕೊಂಡಳು. ಖರ್ಚಿಗೆ ಕವಿಯ ಮನೆ ಕಡೆಯಿಂದ ಹಣ ಬರ್ತಿತ್ತು, ನಿಜ. ಆದರೆ ಹಣ ಕೊಟ್ಟ ಮಾತ್ರಕ್ಕೆ ಹುಚ್ಚ ಅಂತ ಊರೇ ಕರೆಯೋ ಮನುಷ್ಯನನ್ನ ಯಾರು ಮೂವತ್ತಾರು ವರ್ಷ ತಮ್ಮ ಮೇಜಿನಲ್ಲಿ ಕೂರಿಸಿಕೊಳ್ತಾರೆ? ಆ ಊರು ಕವಿಯ ಹೆಸರಲ್ಲಿ ಗೋಪುರ ಕರೀತಾರೆ. ನಾವಾಗಿದ್ದರೆ ಬಡಗಿಯ ಹೆಸರು ಇಡ್ತಿದ್ದೆವು.

ಹೊರಡೋ ಹಿಂದಿನ ರಾತ್ರಿ ಅಡುಗೆ ನಮ್ಮದು ಅಂತ ಹಟ ಹಿಡಿದು ಮತ್ತೆ ಓಮಾನ ಹಳ್ಳಿಗೆ ಹೋದೆವು. ಊರಿಂದ ಎರಡು ಕೆಜಿ ರಾಗಿ ಹಿಟ್ಟು, ಖಾರದ ಪುಡಿ ಒಯ್ದಿದ್ದೆವು. ಮುದ್ದೆ ಕೋಲು ಇಲ್ಲ. ಶ್ಪೆಟ್ಸ್‌ಲೆ ಹಿಟ್ಟು ಬಡಿಯೋ, ಮಧ್ಯೆ ತೂತಿರೋ ಮರದ ಸೌಟಿನಲ್ಲೇ ತೊಳಸಿದೆವು. ಒಂದು ಕಡೆ ಕೋಳಿ ಸಾರು, ಇನ್ನೊಂದು ಕಡೆ ಆಲ್ಬಿನ ಕಾಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಳು ಸಾರು. ಓಮಾ ಪಕ್ಕದ ಮನೆಯ ಟರ್ಕಿ ಅಜ್ಜಿಯನ್ನೂ ಕೂಗಿ ಕರೆದಳು. ಆಕೆ ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಬಿಸಿ ರೊಟ್ಟಿ ಹಿಡಿದು, ಬಾಗಿಲು ತಟ್ಟದೆ ಹಿತ್ತಲಿಂದ ಬಂದಳು. ಕೋಳಿ ಅವರ ಪದ್ಧತಿಯಲ್ಲಿ ಕೊಯ್ದದ್ದಲ್ಲ ಅಂತ ಕಾಳು ಸಾರು ಹಾಕಿಸಿಕೊಂಡಳು. ಅದರ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.

ಅಗೀಬೇಡಿ, ನುಂಗಿ ಅಂತ ಎಷ್ಟು ಹೇಳಿದರೂ ಎಲ್ಲರೂ ಮುದ್ದೆ ಅಗಿದು ಹಲ್ಲಿಗೆ ಮೆತ್ತಿಕೊಂಡರು. ಮೊದಲು ನುಂಗಿದ್ದು ಟರ್ಕಿ ಅಜ್ಜಿ. ಓಮಾ ತುತ್ತು ಹಿಡಿದು ಸುಮ್ಮನೆ ಕೂತಳು. ಶ್ವಾರ್ತ್ಸರ್ ಬ್ರೈ, ಕರಿ ಅಂಬಲಿ, ಅಂದಳು. ಹುರಿದ ಧಾನ್ಯದ ಹಿಟ್ಟನ್ನ ಕುದಿಸಿ ಗಟ್ಟಿ ಮಾಡಿ, ಬಾಣಲೆಯನ್ನೇ ಮೇಜಿನ ಮಧ್ಯೆ ಇಟ್ಟು, ಮನೆಯವರೆಲ್ಲ ಅದಕ್ಕೇ ಚಮಚ ಹಾಕಿ ತಿಂತಿದ್ದರಂತೆ ಚಿಕ್ಕಂದಿನಲ್ಲಿ. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂತು ಅಂದಳು.

ಆವಾಗ ನಾವು ಹೊಗಳೋಕೆ ಶುರು ಮಾಡಿದೆವು. ನಿಮ್ಮ ಹಾಗೆ ಅಡುಗೆಮನೆಗೆ ಕರೆದವರು ನಮಗೆ ಯಾರೂ ಇಲ್ಲ ಓಮಾ, ಅಂತ. ಎಲೆ ಎತ್ತೋ ಕತೆ, ಚಪ್ಪಲಿ ಕತೆ ಎಲ್ಲ ಆವತ್ತು ಹೇಳಿದೆವು. ಆಯಮ್ಮ ಪೂರ್ತಿ ಕೇಳಿ ಟರ್ಕಿ ಅಜ್ಜಿ ಕಡೆ ಕೈ ತೋರಿಸಿದಳು. ಜರ್ಮನಿ ಮತ್ತು ಟರ್ಕಿ ಸರ್ಕಾರಗಳ ನಡುವೆ 1961ರಲ್ಲಿ ಕೂಲಿ ಕರೆಸೋ ಒಪ್ಪಂದ ಆಯ್ತು. 1973ರಲ್ಲಿ ಬಾಗಿಲು ಮುಚ್ಚೋವರೆಗೂ ಲಕ್ಷಾಂತರ ಜನ ಬಂದರು. ಅವರನ್ನ ಕರೆಯೋಕೆ ಇಟ್ಟ ಹೆಸರೇ ಅತಿಥಿ ಕೆಲಸಗಾರ! ಆಲ್ಬ್ ಸೀಮೆಯಲ್ಲಿ ಹೆಣೆದ ಬಟ್ಟೆಯ ಕಾರ್ಖಾನೆಗಳು ಬಹಳ ಇದ್ದವು. ಈಕೆ 1969ರಲ್ಲಿ ಅಂಥ ಒಂದಕ್ಕೆ ಬಂದು ಪಕ್ಕದ ಮನೆ ಹಿಡಿದಳು. ಪ್ರತಿ ವರ್ಷ ಮೊಹರಂ ತಿಂಗಳಲ್ಲಿ ಗೋಧಿ, ಕಡಲೆ, ಒಣಹಣ್ಣು ಹಾಕಿ ಬೇಯಿಸಿದ ಆಶುರೆ ಅನ್ನೋ ಪಾಯಸವನ್ನ ಬಟ್ಟಲಲ್ಲಿ ತಂದು ಓಮಾನ ಬಾಗಿಲಿಗೆ ಕೊಡ್ತಿದ್ದಳು. ಓಮಾ ಬಟ್ಟಲು ತೊಳೆದು, ಖಾಲಿ ಕೊಡಬಾರದು ಅಂತ ಎರಡು ಸೇಬು ಇಟ್ಟು ವಾಪಸು ಕೊಡ್ತಿದ್ದಳು. ಒಳಗೆ ಬಾ ಅಂತ ಮೊದಲ ಸಲ ಕರೆದಿದ್ದು 1983ರಲ್ಲಿ.

‘ಹದಿನಾಲ್ಕು ವರ್ಷ ಬಟ್ಟಲು ಮಾತ್ರ ಒಳಗೆ ಬಂತು’ ಅಂದಳು ಓಮಾ. ‘ನೀವು ವಾರಕ್ಕೆ ಬಂದು ಹೋಗೋರು. ನಿಮ್ಮನ್ನ ಕರೆಯೋದು ಏನು ಕಷ್ಟ?’ ಟರ್ಕಿ ಅಜ್ಜಿ ನಕ್ಕು, ಹದಿನಾಲ್ಕಲ್ಲ, ಹದಿಮೂರೂವರೆ ಅಂದಳು.

ನಮ್ಮ ವಾದ ಅಲ್ಲಿಗೆ ಅರ್ಧ ಮುರೀತು. ಮುರಿದಿದ್ದನ್ನೂ ಬರೆದಿದ್ದೀವಿ. ಅತಿಥಿಯನ್ನ ಒಳಗೆ ಬಿಡೋದು ಒಂದು, ಪಕ್ಕದ ಮನೆಯವರನ್ನ ಬಿಡೋದು ಇನ್ನೊಂದು. ನಾವು ಊರಿನವರಿಗೆ ಅತಿಥಿಗಳಲ್ಲ, ಪಕ್ಕದ ಕೇರಿಯವರು. ಇನ್ನು ನಮ್ಮ ಕೇರಿಗೆ ಆಚೆಯ ಕೇರಿಯವರು ಬಂದಾಗ ನಮ್ಮ ಮನೆಗಳಲ್ಲಿ ಒಲೆಯ ಹತ್ತಿರ ಯಾರನ್ನ ಬಿಡ್ತೀವಿ, ಯಾರಿಗೆ ಜಗಲಿಯಲ್ಲೇ ನೀರು ಕೊಡ್ತೀವಿ ಅನ್ನೋದನ್ನ ವಿಮಾನದಲ್ಲಿ ಇಬ್ಬರೂ ಮಾತಾಡಿಕೊಂಡು ಬಂದೆವು. ಮಾತು ಜಗಳ ಆಯ್ತು, ಗಗನಸಖಿ ಬಂದು ಸುಮ್ಮನಿರಿ ಅಂದಳು.

ಆಲ್ಬಿನ ಕಾಳು ಅರ್ಧ ಕೆಜಿ ತಂದಿದ್ದೀವಿ. ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲ್ ಹಿಂದಿನ ನಮ್ಮ ಬಾಡಿಗೆ ರೂಮಿನಲ್ಲಿ ಸಾರು, ಮುದ್ದೆ, ಆಲೂಗಡ್ಡೆ. ಯಾವ ಹಾಸ್ಟೆಲಿನವರಾದರೂ ಬನ್ನಿ. ಹತ್ತು ಅಂದ್ರೆ ಹತ್ತೇ. ತಟ್ಟೆ ಎಲ್ಲರಿಗೂ ಸಾಲೋಲ್ಲ, ಒಂದೊಂದು ತನ್ನಿ. ಚಾಕು ಇದ್ದರೆ ಅದೂ.